ದಟ್ಟಣೆಯ ಬೆಲೆ: ಹೊಸೂರು ರಸ್ತೆಯಿಂದ ಬನಶಂಕರಿ ಜಾತ್ರೆಯವರೆಗೆ

ವಾಹನ ದಟ್ಟಣೆ ತಗ್ಗುವುದಾದರೆ ಚಾಲಕರು ಎಷ್ಟು ಹಣ ತೆರಲು ಸಿದ್ಧರಿದ್ದಾರೆ? ಇದನ್ನು ಅವರನ್ನೇ ಕೇಳಿ ತಿಳಿಯಬಹುದು, ಇಲ್ಲವೇ ಅವರು ನಿಜವಾಗಿ ತೆತ್ತದ್ದನ್ನು ನೋಡಿ ಲೆಕ್ಕ ಹಾಕಬಹುದು. ಎರಡನೆಯದಕ್ಕೆ ನಮ್ಮಲ್ಲಿರುವ ಒಳ್ಳೆಯ ನಿದರ್ಶನ ಬೆಂಗಳೂರಿನ ಹೊಸೂರು ರಸ್ತೆ. 2010ರ ಜನವರಿಯಲ್ಲಿ ಅಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯಿತು. ಉದ್ದ ಸುಮಾರು 10 ಕಿ.ಮೀ. ಮೇಲೆ ಹೋದವರು ಟೋಲ್ ಕಟ್ಟಬೇಕು. ಕೆಳಗೆ ಸಿಗ್ನಲ್ಲು, ಬಸ್ ನಿಲ್ದಾಣ, ರಸ್ತೆ ದಾಟುವ ಜನ. ಯಾವ ದಾರಿ ಹಿಡಿಯಬೇಕೆಂದು ರ್‍ಯಾಂಪಿನ ಬುಡದಲ್ಲಿ ತೀರ್ಮಾನಿಸುವ ಕಾರಿನವನು ತನ್ನ ನಿಮಿಷಗಳಿಗೆ ತಾನೇ ಬೆಲೆ ಕಟ್ಟುತ್ತಾನೆ.

ಆದರೆ ಆ ಹಣ ದಟ್ಟಣೆಯಿಂದ ತಾನೊಬ್ಬ ತಪ್ಪಿಸಿಕೊಳ್ಳಲು ಕೊಟ್ಟದ್ದು, ಎಲ್ಲರ ದಟ್ಟಣೆ ತಗ್ಗಿಸಲು ಕೊಟ್ಟದ್ದಲ್ಲ. ಅಧ್ಯಯನಗಳಲ್ಲಿ ಇವೆರಡನ್ನೂ ಬೆರೆಸಬಾರದು. 2003ರಲ್ಲಿ ಲಂಡನ್ ವಿಧಿಸಿದ ದಟ್ಟಣೆ ಶುಲ್ಕ ಎರಡನೆಯ ಬಗೆಯದು. ಸ್ಟಾಕ್‌ಹೋಮ್ 2006ರಲ್ಲಿ ಅಂಥದೇ ಶುಲ್ಕವನ್ನು ಏಳು ತಿಂಗಳು ಪ್ರಯೋಗಕ್ಕಿಟ್ಟಿತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. ಮೊದಲು ಬೇಡವೆಂದಿದ್ದ ನಗರ ಅದೇ ಸೆಪ್ಟೆಂಬರಿನ ಜನಮತದಲ್ಲಿ ಒಪ್ಪಿತು. ಅನುಭವಕ್ಕೆ ಮುನ್ನ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ನಾನು ಕಂಡಿಲ್ಲ.

ಇದೇ ಪ್ರಶ್ನೆಯನ್ನು ಬಾದಾಮಿಗೆ ತಂದರೆ ಇನ್ನೊಂದು ಕೊರತೆ ಕಾಣುತ್ತದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ಚೊಳಚಗುಡ್ಡದ ಹಾದಿ ಟ್ರ್ಯಾಕ್ಟರು, ಟಂಟಂ, ಕ್ರೂಸರು, ಬಸ್ಸುಗಳಿಂದ ತುಂಬುತ್ತದೆ. ಬಾದಾಮಿಯಿಂದ ಶಿವಯೋಗ ಮಂದಿರಕ್ಕೆ ಹೊರಟವರೂ ಆ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಲ್ಲಿ ನಿಂತ ಕೆಂಪು ಬಸ್ಸಿನೊಳಗೆ, ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತ ಹೆಣ್ಣುಮಗಳ ಕೈಯಲ್ಲಿರುವುದು ಶೂನ್ಯ ದರದ ಟಿಕೆಟ್. ಹೆಂಗಸರಿಗೆ ಬಸ್ ಪ್ರಯಾಣವನ್ನು ಉಚಿತವಾಗಿಸಿದ ಶಕ್ತಿ ಯೋಜನೆ 2023ರ ಜೂನ್‌ನಿಂದ ಜಾರಿಯಲ್ಲಿದೆ. ಆಕೆ ಕಳೆದುಕೊಳ್ಳುವ ಹೊತ್ತು ಕಾರಿನವನು ಕಳೆದುಕೊಳ್ಳುವಷ್ಟೇ. ಚಾಲಕರನ್ನಷ್ಟೇ ಕೇಳುವ ಸಮೀಕ್ಷೆಯಲ್ಲಿ ಆಕೆಗೆ ಜಾಗವೇ ಇಲ್ಲ; ರೂಪಾಯಿಯ ಅಳತೆಯಲ್ಲಿ ಆಕೆಯ ಹೊತ್ತಿಗೆ ಬೆಲೆಯೂ ಇಲ್ಲ. ಕೊಡುವ ಮನಸ್ಸನ್ನು ಅಳೆಯುತ್ತೇವೆಂದು ನಾವು ಅಳೆಯುವುದು ಬಹುಪಾಲು ಕೊಡುವ ಶಕ್ತಿಯನ್ನೇ.

ಬಾಗಲಕೋಟೆ, ಹುನಗುಂದ, ಇಳಕಲ್ಲಿನ ರಸ್ತೆಗಳ ಬಗ್ಗೆ ಇಂಥ ಅಧ್ಯಯನ ಕೈಗೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೆ: ಪ್ರಶ್ನಾವಳಿ ಹಿಡಿದು ಮೊದಲು ಬಸ್ ನಿಲ್ದಾಣಕ್ಕೆ ಹೋಗಿ. ಎಷ್ಟು ರೂಪಾಯಿ ಕೊಡುತ್ತೀರಿ ಎನ್ನುವುದಕ್ಕಿಂತ ಮುಂಚೆ, ಎಷ್ಟು ಹೊತ್ತು ಕಾದಿರಿ ಎಂದು ಕೇಳಿ.