ಕೃಷ್ಣೆ-ಭೀಮೆಯ ಸೀಮೆಯಲ್ಲಿ ಕರ್ನಾಟಕ ಸಂಗೀತ

ಯಾದಗಿರಿ ಜಿಲ್ಲೆಯಲ್ಲಿ ಪಿಟೀಲು, ಮೃದಂಗ, ಘಟ ಇಟ್ಟುಕೊಂಡು ನಡೆಯುವ ಕರ್ನಾಟಕ ಸಂಗೀತದ ಕಛೇರಿ ಅಪರೂಪ. ಯಾದಗಿರಿ ತಾಲೂಕಿನ ರಾಮಸಮುದ್ರದ ಸುತ್ತಲಿನ ಊರುಗಳಿರಲಿ, ಭೀಮೆಯಾಚೆಯ ಶಹಾಪುರ, ಸುರಪುರ ಇರಲಿ, ಇಲ್ಲಿ ಹಾಡಿಕೆ ಅಂದರೆ ಹಾರ್ಮೋನಿಯಂ ಪೆಟ್ಟಿಗೆ, ತಬಲಾ, ಕೈತಾಳ, ಭಜನೆಯ ಮೇಳ. ರಾಗದ ಹೆಸರು ಹೇಳಿದರೂ ಅದು ಭೀಮಪಲಾಸ, ಭೂಪ, ಯಮನ. ಹೀಗಾಗಿ ಕರ್ನಾಟಕ ಸಂಗೀತ ದಕ್ಷಿಣದವರದು, ನಮ್ಮದು ಹಿಂದೂಸ್ತಾನಿ ಎಂಬ ಮಾತು ಈ ಕಡೆ ರೂಢಿಯಾಗಿದೆ. ಆ ಮಾತು ಅರ್ಧ ಮಾತ್ರ ನಿಜ. ಕರ್ನಾಟಕ ಸಂಗೀತದ ತಾಳಗಳ ಚೌಕಟ್ಟು, ಅದರ ಸಾಹಿತ್ಯದ ದೊಡ್ಡ ಪಾಲು, ಅದನ್ನು ಕುರಿತ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಕೆಲವು ಹುಟ್ಟಿದ್ದು ಕಲ್ಯಾಣ, ಹಂಪಿ, ಮಾನ್ವಿ, ದೇವದುರ್ಗಗಳ ಈ ಬಿಸಿಲ ನಾಡಿನಲ್ಲಿಯೇ.

ಕಲ್ಯಾಣದ ಅರಸರು ಮತ್ತು ಒನಕೆಯ ಹಾಡು

ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ಬರೆದ. ಅಡುಗೆ, ಆನೆ, ಆಟಪಾಟಗಳ ಜತೆ ಗೀತ, ವಾದ್ಯ, ನೃತ್ಯಗಳಿಗೂ ಅದರಲ್ಲಿ ವಿಸ್ತಾರವಾದ ಭಾಗಗಳಿವೆ. ಅರಮನೆಯ ಸಂಗೀತವನ್ನು ವಿವರಿಸುವ ಅರಸ ಜನರ ಹಾಡನ್ನೂ ಬಿಡಲಿಲ್ಲ ಎಂಬುದು ನನಗೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ಸಂಗತಿ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯನ್ನೂ ಕನ್ನಡದ ತ್ರಿಪದಿ, ಷಟ್ಪದಿಗಳನ್ನೂ ಅವನು ಗೀತಪ್ರಕಾರಗಳ ಸಾಲಿನಲ್ಲೇ ಹೆಸರಿಸುತ್ತಾನೆ. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ.

ತ್ರಿಪದಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರುನೂರು ವರ್ಷಗಳ ಮೇಲೆ ಮಾನ್ವಿಯ ಜಗನ್ನಾಥದಾಸರು ದ್ವೈತ ವೇದಾಂತದ ತತ್ತ್ವಗಳನ್ನು ಹೇಳಲು ‘ತತ್ತ್ವಸುವ್ವಾಲಿ’ ಬರೆದಾಗ ಅದೇ ಮೂರು ಸಾಲಿನ ಮಟ್ಟನ್ನೇ ಹಿಡಿದರು. ಸುವ್ವಿ ಎನ್ನುವುದು ಒನಕೆಯ ಹಾಡಿನ ಸೊಲ್ಲು. ಶಾಸ್ತ್ರ ಓದಿದ ಪಂಡಿತರೊಬ್ಬರು ಕುಟ್ಟುವ ಕೋಣೆಯ ಧಾಟಿಯನ್ನು ಬಯಸಿ ಆರಿಸಿಕೊಂಡರು.

ಪುರಂದರದಾಸರು ಕಟ್ಟಿಕೊಟ್ಟ ಪಾಠ

ಕರ್ನಾಟಕ ಸಂಗೀತ ಕಲಿಯಲು ಕೂತ ಮಗು ಇವತ್ತಿಗೂ ಮೊದಲು ಹಾಡುವುದು ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ಆಮೇಲೆ ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಪಿಳ್ಳಾರಿ ಗೀತೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು (1484-1564) ಎಂದು ಸಂಗೀತಗಾರರ ಪರಂಪರೆ ಒಪ್ಪುತ್ತದೆ. ಅವರನ್ನು ‘ಕರ್ನಾಟಕ ಸಂಗೀತ ಪಿತಾಮಹ’ ಎನ್ನುವುದು ಇದೇ ಕಾರಣಕ್ಕೆ. ಅವರು ಬಾಳಿ ಹಾಡಿದ ಹಂಪಿ ಇಲ್ಲಿಂದ ತುಂಗಭದ್ರೆಯ ಆಚೆ ದಡ.

ಮೊದಲ ಪಾಠಕ್ಕೆ ಮಾಯಾಮಾಳವಗೌಳವೇ ಯಾಕೆ ಎನ್ನುವುದನ್ನು ಹಾರ್ಮೋನಿಯಂ ಇದ್ದವರು ತಾವೇ ಒತ್ತಿ ನೋಡಬಹುದು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ರಿಷಭ, ಧೈವತ ಕಪ್ಪು ಮನೆಗೆ ಬೀಳುತ್ತವೆ, ಉಳಿದ ಐದೂ ಬಿಳಿ ಮನೆಗೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಬರುತ್ತವೆ. ಕೆಳಗಿನ ಅರ್ಧ ಬಾಯಿಗೆ ಹತ್ತಿತೆಂದರೆ ಮೇಲಿನ ಅರ್ಧ ಅದರ ಹಿಂದೆಯೇ ಬಂತು. ಹತ್ತಿರದ ಸ್ವರಗಳೂ ದೂರದ ಸ್ವರಗಳೂ ಒಟ್ಟಿಗೇ ಪಳಗುತ್ತವೆ.

1565ರ ನಂತರ

ಪುರಂದರದಾಸರು ತೀರಿಕೊಂಡ ಮರುವರ್ಷವೇ, 1565ರ ಜನವರಿಯಲ್ಲಿ, ರಕ್ಕಸ-ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತಿತು. ತಂಗಡಗಿ ಇರುವುದು ಕೃಷ್ಣೆಯ ದಂಡೆಯಲ್ಲಿ, ಮುದ್ದೇಬಿಹಾಳದ ಕಡೆ. ಅದೇ ಹೊಳೆ ಮುಂದೆ ನಾರಾಯಣಪುರ, ತಿಂಥಣಿ ದಾಟಿ ಸುರಪುರ ಸೀಮೆಯಲ್ಲಿ ಹರಿಯುತ್ತದೆ. ವಿಜಯನಗರ ಹಾಳಾದ ಮೇಲೆ ವಿದ್ವಾಂಸರು, ಗಾಯಕರು ಆಶ್ರಯ ಹುಡುಕಿ ದಕ್ಷಿಣಕ್ಕೆ ನಡೆದರು. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಅವರ ಮಗ ವೆಂಕಟಮಖಿ 17ನೆಯ ಶತಮಾನದಲ್ಲಿ ಬರೆದ ‘ಚತುರ್ದಂಡಿ ಪ್ರಕಾಶಿಕೆ’ಯಿಂದಲೇ 72 ಮೇಳಗಳ ಲೆಕ್ಕ ಬಂತು. ಮುಂದೆ ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರನ್ನು ನೆನೆದರು.

ವಿದ್ಯೆಯ ಸಭೆ ಹೀಗೆ ಕಾವೇರಿ ತೀರಕ್ಕೆ ಹೋಯಿತು. ಹಾಡು ಮಾತ್ರ ಇಲ್ಲೇ ಉಳಿಯಿತು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580-1627) ರಾಗಗಳ ಹೆಸರಿನಡಿ ದಖನಿಯಲ್ಲಿ ಹಾಡುಗಳನ್ನು ಕಟ್ಟಿ ‘ಕಿತಾಬ್-ಎ-ನವರಸ್’ ಮಾಡಿದ. ಅದರಲ್ಲಿ ಸರಸ್ವತಿ, ಗಣಪತಿಯ ಸ್ತುತಿಯೂ ಇದೆ, ಕಲಬುರಗಿಯ ಸೂಫಿ ಸಂತ ಬಂದೇನವಾಜರ ಸ್ತುತಿಯೂ ಇದೆ.

ಮಾನ್ವಿ, ದೇವದುರ್ಗ, ಸುರಪುರದ ದಾಸರು

ದಾಸಸಾಹಿತ್ಯದ ಎರಡನೆಯ ಮಹಾಪೂರ ಎದ್ದದ್ದು ಈ ಭಾಗದಲ್ಲಿ. ವಿಜಯದಾಸರು (1682-1755) ಮಾನ್ವಿ ತಾಲೂಕಿನ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರ ಊರು ಮೊಸರಕಲ್ಲು, ಶಹಾಪುರದಿಂದ ಕೃಷ್ಣೆ ದಾಟಿದರೆ ಸಿಗುವ ದೇವದುರ್ಗದ ಸೀಮೆ. ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಸುರಪುರದ ಆನಂದದಾಸರು ‘ಕಮಲೇಶವಿಠಲ’ ಎಂಬ ಅಂಕಿತದಲ್ಲಿ ಹಾಡಿದರು. ಬೇಡ ನಾಯಕರ ರಾಜಧಾನಿಯಾಗಿದ್ದ ಸುರಪುರಕ್ಕೆ ದಾಸರ ಸಾಲಿನಲ್ಲಿ ಜಾಗ ಸಿಕ್ಕಿದ್ದು ಅವರಿಂದ.

ಅಂಕಿತ ಎಂದರೆ ಪದದ ಕೊನೆಯ ನುಡಿಯಲ್ಲಿ ಬರುವ ದೈವದ ಹೆಸರು. ಬರೆದವರ ಗುರುತೂ ಅದೇ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಕಮಲೇಶವಿಠಲ ಎಂದು ಗುರು-ಶಿಷ್ಯರ ಸಾಲು ಹಬ್ಬುತ್ತದೆ. ಓದಲು ಬಾರದವರೂ ಕೊನೆಯ ನುಡಿ ಕೇಳಿ ಇದು ಯಾರ ಪದ ಎಂದು ಹೇಳಬಲ್ಲರು.

ಸುಳಾದಿ: ಕಳೆದುಹೋದ ದೊಡ್ಡ ಸಂಗೀತ

ದಾಸರ ಪದ ಅಂದಕೂಡಲೇ ಪಲ್ಲವಿ, ಅನುಪಲ್ಲವಿ, ನುಡಿಗಳ ದೇವರನಾಮವೇ ನೆನಪಿಗೆ ಬರುತ್ತದೆ. ಆದರೆ ಸಂಗೀತದ ಕಣ್ಣಿನಲ್ಲಿ ದಾಸರ ದೊಡ್ಡ ಕಟ್ಟಡ ಸುಳಾದಿ. ವಿಜಯದಾಸರು ಇದರಲ್ಲಿ ಎಷ್ಟು ಪಳಗಿದವರೆಂದರೆ ಸುಳಾದಿ ಎಂದೊಡನೆ ಅವರ ಹೆಸರೇ ಬಾಯಿಗೆ ಬರುತ್ತದೆ.

ಸುಳಾದಿಯ ಒಂದೊಂದು ಭಾಗಕ್ಕೂ ಬೇರೆ ಬೇರೆ ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳರಲ್ಲಿ ಕೆಲವನ್ನೋ ಎಲ್ಲವನ್ನೋ ದಾಟಿ, ಕಡೆಗೆ ‘ಜತೆ’ ಎಂಬ ಎರಡು ಸಾಲಿನಲ್ಲಿ ಹಾಡು ನಿಲ್ಲುತ್ತದೆ. ಇಂದಿನ ಪಾಠದ ಲೆಕ್ಕದಲ್ಲಿ ಧ್ರುವ ತಾಳಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಮಠ್ಯಕ್ಕೂ ಝಂಪೆಗೂ 10 ಅಕ್ಷರವೇ ಆದರೂ ಒಳಗಿನ ಹಂಚಿಕೆ ಬೇರೆ. ಮಠ್ಯ ನಾಲ್ಕು-ಎರಡು-ನಾಲ್ಕು, ಝಂಪೆ ಏಳು-ಒಂದು-ಎರಡು. ಕೈಯಲ್ಲಿ ಹಾಕಿ ನೋಡಿದರೆ ಮೊದಲನೆಯದು ಸಮತೂಕದಲ್ಲಿ ನಡೆಯುತ್ತದೆ, ಎರಡನೆಯದು ಬಹಳ ಹೊತ್ತು ಸಾಗಿ ಕೊನೆಯಲ್ಲಿ ಗಕ್ಕನೆ ತಿರುಗುತ್ತದೆ. ಒಂದೇ ವಿಚಾರವನ್ನು ತಾಳ ಬದಲಿಸುತ್ತ ಹೇಳುವಾಗ ಮಾತಿನ ಒತ್ತು, ಉಸಿರು, ಭಾವ ಎಲ್ಲ ಬದಲಾಗುತ್ತವೆ. ಬೇಡಿಕೆ, ವಾದ, ನಿಂದೆ, ಸ್ತುತಿ ಒಂದೇ ಹಾಡಿನಲ್ಲಿ ಹಿಡಿಯುವುದು ಹೀಗೆ.

ಸಂಗೀತಶಾಲೆಯಲ್ಲಿ ಮಕ್ಕಳು ಹೇಳುವ ‘ಸುಳಾದಿ ಸಪ್ತತಾಳ’ದ ಹೆಸರು ಇಲ್ಲಿಂದಲೇ ಬಂದದ್ದು. ಏಳು ತಾಳಕ್ಕೆ ಐದು ಜಾತಿ ಸೇರಿ 35 ತಾಳಗಳಾಗುತ್ತವೆ. ಚೆನ್ನೈ, ಮೈಸೂರು ಎಲ್ಲಿಯೇ ಆಗಲಿ ಅಲಂಕಾರ ಹಾಡುವ ಮಗು, ತಿಳಿದೋ ತಿಳಿಯದೆಯೋ, ದಾಸರ ಈ ಪ್ರಬಂಧದ ಹೆಸರನ್ನು ಹೇಳುತ್ತಲೇ ಇರುತ್ತದೆ.

ದುಃಖದ ಸಂಗತಿಯೆಂದರೆ ಈ ಸುಳಾದಿಗಳ ಮೂಲ ಧಾಟಿ ಬಹುಮಟ್ಟಿಗೆ ಉಳಿದಿಲ್ಲ. ಹಸ್ತಪ್ರತಿಯ ನೆತ್ತಿಯ ಮೇಲೆ ರಾಗದ ಹೆಸರಿದೆ, ಭಾಗದ ಮುಂದೆ ತಾಳದ ಹೆಸರಿದೆ, ಸ್ವರ ಬರೆದಿಟ್ಟದ್ದಿಲ್ಲ. ಹಾಡಿದವರ ಕೊರಳಿನ ಜತೆಗೇ ಅದು ಹೋಯಿತು. ಈಗ ಸುಳಾದಿಯನ್ನು ಹೆಚ್ಚಾಗಿ ಪಾರಾಯಣದಂತೆ ಓದುತ್ತಾರೆ. ಭಕ್ತಿಗೆ ಅದರಿಂದ ಕೊರತೆಯಿಲ್ಲ, ಸಂಗೀತಕ್ಕೆ ಮಾತ್ರ ಅದು ತುಂಬಲಾಗದ ನಷ್ಟ ಎಂದೇ ನನಗನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಉಗಾಭೋಗ. ಅದಕ್ಕೆ ತಾಳದ ಕಟ್ಟಿಲ್ಲ. ಕೆಲವೇ ಸಾಲು, ರಾಗ ಹಾಡುವವರ ಇಷ್ಟ. ಕಛೇರಿಯಲ್ಲಿ ದೇವರನಾಮಕ್ಕೆ ಮುಂಚೆ ಉಗಾಭೋಗ ಹಾಡಿ ಶ್ರುತಿಗೆ ಮನಸ್ಸನ್ನು ಕೂರಿಸುವ ಪದ್ಧತಿಯನ್ನು ಎರಡೂ ಸಂಗೀತದವರು ಉಳಿಸಿಕೊಂಡಿದ್ದಾರೆ.

ಹಿಂದೂಸ್ತಾನಿ ಮತ್ತು ಹಾರ್ಮೋನಿಯಂ

ಯಾದಗಿರಿ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಪಕ್ಕದ ಧಾರವಾಡ, ಗದಗ, ಮೀರಜ್‌ಗಳಲ್ಲಿ ಹಿಂದೂಸ್ತಾನಿ ಘರಾನೆಗಳು ಬೇರುಬಿಟ್ಟವು. ನಾಟಕ ಕಂಪನಿಗಳು ಆ ರಾಗಗಳನ್ನು ಊರೂರಿಗೆ ಹೊತ್ತುತಂದವು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892-1944) ಮೊದಲು ಕರ್ನಾಟಕಿ, ಆಮೇಲೆ ಹಿಂದೂಸ್ತಾನಿ ಕಲಿತು ಎರಡನ್ನೂ ಕಲಿಸಿದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಆ ದಾರಿಯನ್ನು ಮುಂದುವರಿಸಿದರು. ಅಲ್ಲಿ ಕಲಿತ ಅಂಧ ಮಕ್ಕಳು ಉತ್ತರ ಕರ್ನಾಟಕದ ಉದ್ದಗಲಕ್ಕೂ ಸಂಗೀತದ ಮೇಷ್ಟ್ರಾದರು.

ಇಷ್ಟೆಲ್ಲ ಕಾರಣಗಳ ಜತೆ ಒಂದು ವಾದ್ಯದ ಕೈವಾಡವೂ ಇದೆ. ಹಾರ್ಮೋನಿಯಂ ಮನೆಗಳು ನಿಂತ ಸ್ವರಗಳನ್ನು ಮಾತ್ರ ಕೊಡುತ್ತವೆ. ಕರ್ನಾಟಕ ಸಂಗೀತದ ಜೀವ ಗಮಕದಲ್ಲಿದೆ. ತೋಡಿಯ ಗಾಂಧಾರ ಒಂದು ಮನೆಯಲ್ಲಿ ಕೂರುವುದಿಲ್ಲ, ಕೆಳಗಿನ ಸ್ವರದಿಂದ ತೂಗಾಡುತ್ತ ಬರುತ್ತದೆ. ಪೆಟ್ಟಿಗೆಯ ಮೇಲೆ ಆ ಓಲಾಟ ಹುಟ್ಟದು. ಪೆಟ್ಟಿಗೆ ಹಿಡಿದು ಹಾಡುವ ಭಜನಾ ಮೇಳಕ್ಕೆ ನೇರ ಸ್ವರದ ಧಾಟಿಗಳು ಒಗ್ಗಿದವು, ತೂಗುವ ಧಾಟಿಗಳು ಸವೆದವು. ಪೆಟ್ಟಿಗೆಗೆ ಪಿಟೀಲಿನ ಬೆಲೆಯಿಲ್ಲ, ಶ್ರುತಿ ಮಾಡುವ ತಾಪತ್ರಯವಿಲ್ಲ, ಹೊಲದ ಕೆಲಸ ಮುಗಿಸಿ ಬಂದವರೂ ಕಲಿಯಬಹುದು. ಹಾಗಾಗಿ ಅದನ್ನು ದೂರುವುದೂ ತರವಲ್ಲ. ಏಕಾದಶಿಯ ಭಜನೆ, ಗುರುವಾರದ ರಾಯರ ಸೇವೆ ಇಷ್ಟು ವರ್ಷ ನಡೆದುಬಂದದ್ದರಲ್ಲಿ ಅದರ ಪಾಲು ದೊಡ್ಡದು.

ಎರಡು ಪದ್ಧತಿಗಳ ನಡುವಿನ ನಂಟು

ಸ್ವರಗಳ ಲೆಕ್ಕಕ್ಕೆ ಕರ್ನಾಟಕಿಯ ಮೋಹನ ಹಿಂದೂಸ್ತಾನಿಯಲ್ಲಿ ಭೂಪ, ಹಿಂದೋಳ ಮಾಲಕೌಂಸ, ಕಲ್ಯಾಣಿ ಯಮನ, ಮಾಯಾಮಾಳವಗೌಳ ಭೈರವ. ಸ್ವರ ಒಂದೇ ಆದರೂ ನಡೆ ಬೇರೆ. ಹೆಸರು ಒಂದೇ ಇದ್ದು ಸ್ವರ ಬೇರೆಯಾಗುವುದೂ ಉಂಟು: ಕರ್ನಾಟಕಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹೊಂದುತ್ತವೆ, ಹಿಂದೂಸ್ತಾನಿಯ ತೋಡಿಗಲ್ಲ. ಹಳೆಯ ಪ್ರತಿಯಲ್ಲಿ ‘ತೋಡಿ’ ಎಂದು ಕಂಡು ಪೆಟ್ಟಿಗೆ ತೆಗೆಯುವವರು ಇಲ್ಲಿ ಎಚ್ಚರವಹಿಸಬೇಕು.

ಕಛೇರಿಯ ಇಂದಿನ ವರ್ಣ, ಕೃತಿಗಳು, ರಾಗ-ತಾನ-ಪಲ್ಲವಿ, ಕೊನೆಗೆ ಲಘು ಗೀತೆಗಳು ಎಂಬ ಕ್ರಮವನ್ನು ಗಟ್ಟಿ ಮಾಡಿದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890-1967). ಆ ಕ್ರಮದಲ್ಲಿ ದೇವರನಾಮಕ್ಕೆ ಸಾಮಾನ್ಯವಾಗಿ ಸಿಗುವುದು ಕೊನೆಯ ಜಾಗ. ಮೈಸೂರಿನ ಬಿಡಾರಂ ಕೃಷ್ಣಪ್ಪ (1866-1931) ಅವನ್ನು ವೇದಿಕೆಯಲ್ಲಿ ಗೌರವದಿಂದ ಹಾಡಿ ಜನಪ್ರಿಯಗೊಳಿಸಿದರು. ಎಂ.ಎಲ್. ವಸಂತಕುಮಾರಿ, ಆರ್.ಕೆ. ಶ್ರೀಕಂಠನ್ ಆ ಕೆಲಸವನ್ನು ಬೆಳೆಸಿದರು. ಉತ್ತರದಲ್ಲಿ ಗದಗ ಸೀಮೆಯ ಭೀಮಸೇನ ಜೋಶಿ (1922-2011) ‘ದಾಸವಾಣಿ’ ಎಂದು ದಾಸರ ಪದಗಳಿಗೇ ಮೀಸಲಾದ ಕಾರ್ಯಕ್ರಮಗಳನ್ನು ಕೊಟ್ಟರು. ಅಲ್ಲಿ ದಾಸರ ಪದ ಕೊನೆಯ ತುಣುಕಾಗಲಿಲ್ಲ, ಇಡೀ ಸಂಜೆಯೇ ಅದರದಾಯಿತು. ಈ ಒಂದು ವಿಷಯದಲ್ಲಿ ಉತ್ತರದವರು ದಾಸರಿಗೆ ಹೆಚ್ಚಿನ ಮರ್ಯಾದೆ ಕೊಟ್ಟರು ಎಂದೇ ನಾನು ಹೇಳುವೆ.

ಪಕ್ಕದಲ್ಲೇ ತತ್ತ್ವಪದ

ಈ ಸೀಮೆಯಲ್ಲಿ ದಾಸರ ಪದ ಒಂಟಿಯಾಗಿ ಬೆಳೆದದ್ದಲ್ಲ. ಶಹಾಪುರಕ್ಕೆ ಹೊಂದಿಕೊಂಡ ಜೇವರ್ಗಿ ಕಡೆಯ ಕಡಕೋಳದಲ್ಲಿ ಮಡಿವಾಳಪ್ಪನವರು ತತ್ತ್ವಪದ ಹಾಡಿದರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಅವರ ಶಿಷ್ಯರು; ಜಾತಿ, ಧರ್ಮ ಆ ಮೇಳದಲ್ಲಿ ಅಡ್ಡಬರಲಿಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುವ ಈ ಪರಂಪರೆಗೆ ಶಾಸ್ತ್ರದ ಹೆಸರಿಲ್ಲದಿದ್ದರೂ ಲಯ ಬಿಗಿಯಾಗಿದೆ.

ಹೆಂಗಸರ ಬಾಯಿಪಾಠ

ಇನ್ನೊಂದು ಭಂಡಾರ ಮನೆಯೊಳಗಿದೆ. ಹರಪನಹಳ್ಳಿ ಭೀಮವ್ವ (1823-1903) ಅವರಂಥವರು ತಾವೇ ಪದ ಕಟ್ಟಿದರು. ಹೆಸರು ಬಾರದ ಅಸಂಖ್ಯ ಹೆಂಗಸರು ಆರತಿ, ಮದುವೆ, ತೊಟ್ಟಿಲು, ವ್ರತಗಳಲ್ಲಿ ದಾಸರ ಪದಗಳನ್ನು ಹಾಡಿ ಉಳಿಸಿದರು. ಅವರು ಧಾಟಿಗೆ ‘ಮಟ್ಟು’ ಎನ್ನುತ್ತಾರೆ. ಇಂಥ ಹಾಡಿನ ಮಟ್ಟಿನಲ್ಲಿ ಇದನ್ನು ಹಾಡು ಎಂದು ಕಲಿಸುತ್ತಾರೆ. ಕ್ಯಾಸೆಟ್, ಮೊಬೈಲ್ ಬಂದ ಮೇಲೆ ಪ್ರಸಿದ್ಧ ಗಾಯಕರ ಧಾಟಿಯೇ ಎಲ್ಲರ ಧಾಟಿಯಾಗುತ್ತಿದೆ, ಅಜ್ಜಿಯ ಮಟ್ಟು ಸೊಸೆಗೆ ಸಿಗದೆ ಹೋಗುತ್ತಿದೆ.

ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆಗಳು ಕರ್ನಾಟಕಿ, ಹಿಂದೂಸ್ತಾನಿ ಎರಡಕ್ಕೂ ನಡೆಯುತ್ತವೆ. ಅವುಗಳ ಪಠ್ಯಕ್ಕೆ ಈ ಮಟ್ಟುಗಳು ಬರುವ ತನಕ ಕಾಯಬೇಕಿಲ್ಲ. ಸುಳಾದಿಗೆ ಆದ ಗತಿ ಇವಕ್ಕೆ ಆಗದಿರಬೇಕಾದರೆ ಮನೆಯ ಹಿರಿಯಳು ಹಾಡುವಾಗ ಮೊಬೈಲಿನಲ್ಲಿ ಧ್ವನಿ ಹಿಡಿದು, ಪದದ ಮೊದಲ ಸಾಲು, ಅಂಕಿತ, ಯಾರಿಂದ ಕಲಿತದ್ದು, ಅವರ ತವರೂರು ಯಾವುದು, ಯಾವ ಹೊತ್ತಿನಲ್ಲಿ ಹಾಡುತ್ತಿದ್ದರು ಎಂಬಿಷ್ಟನ್ನು ಜತೆಗೆ ಬರೆದಿಡಬೇಕು. ತವರೂರು ಮುಖ್ಯ, ಮಟ್ಟುಗಳು ಮದುವೆಯಾಗಿ ಬಂದ ಹೆಣ್ಣುಮಕ್ಕಳ ಜತೆ ಮಾನ್ವಿಯಿಂದ ಸುರಪುರಕ್ಕೆ, ಸುರಪುರದಿಂದ ಯಾದಗಿರಿಗೆ ನಡೆದುಬಂದಿರುತ್ತವೆ. ಪಲ್ಲವಿ ಹಾಡಿಸಿ ನಿಲ್ಲಿಸದೆ ಎಲ್ಲ ನುಡಿಗಳನ್ನೂ ಹಾಡಿಸಬೇಕು, ಯಾಕೆಂದರೆ ಮೂರನೆಯ, ನಾಲ್ಕನೆಯ ನುಡಿಯಲ್ಲಿ ಮಟ್ಟು ತುಸು ತಿರುಗುವುದುಂಟು.