ಬಡತನ ಮತ್ತು ಮಾನಸಿಕ ಆರೋಗ್ಯ

ಆದಾಯದ ಕೊರತೆ, ಸಾಲ, ನಿರುದ್ಯೋಗ, ವಸತಿಯ ಅಭದ್ರತೆಗಳು ಮನಸ್ಸಿನ ಮೇಲೆ ಬೀರುವ ಪರಿಣಾಮ ಹಾಗೂ ಮನೋರೋಗಗಳು ಕುಟುಂಬವನ್ನು ಬಡತನಕ್ಕೆ ತಳ್ಳುವ ಬಗೆ, ಇವೆರಡನ್ನೂ ಒಳಗೊಂಡ ಅಧ್ಯಯನ ವಿಷಯ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಬಡವರಲ್ಲಿ ಹೆಚ್ಚಾಗಿ ಕಂಡುಬರುತ್ತವೆ.

ವಿವರಣೆಗಳು: ಕಷ್ಟದ ಬದುಕೇ ಕಾಯಿಲೆಗೆ ಮೂಲವೆಂಬುದು ಒಂದು ವಾದ, ಕಾಯಿಲೆಯಿಂದ ದುಡಿಮೆ ತಪ್ಪಿ ವ್ಯಕ್ತಿ ಕೆಳಸ್ತರಕ್ಕೆ ಇಳಿಯುತ್ತಾನೆಂಬುದು ಇನ್ನೊಂದು. ಇಸ್ರೇಲಿನಲ್ಲಿ ಬ್ರೂಸ್ ಡೋರೆನ್‌ವೆಂಡ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ (1992) ಸ್ಕಿಜೋಫ್ರೇನಿಯಾಕ್ಕೆ ಎರಡನೆಯ ವಾದವೂ ಮಹಿಳೆಯರ ಖಿನ್ನತೆಗೆ ಮೊದಲನೆಯದೂ ಹೆಚ್ಚು ಹೊಂದುತ್ತವೆಂದು ತೋರಿಸಿತು.

ಪ್ರಮುಖ ಅಧ್ಯಯನ: ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1993ರಿಂದ 1,420 ಮಕ್ಕಳನ್ನು ಗಮನಿಸಲಾಗುತ್ತಿತ್ತು. ಅವರಲ್ಲಿ ಕಾಲು ಭಾಗ ಮೂಲನಿವಾಸಿಗಳು. ಈ ನಡುವೆ ಚೆರೋಕಿ ಮೀಸಲು ಪ್ರದೇಶದಲ್ಲಿ ಕ್ಯಾಸಿನೊ ತೆರೆದು, ಲಾಭದ ಪಾಲು ಅಲ್ಲಿನ ಮೂಲನಿವಾಸಿ ಕುಟುಂಬಗಳಿಗೆ ಸಲ್ಲತೊಡಗಿತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಹಟ, ಆಕ್ರಮಣಶೀಲತೆಯಂಥ ನಡವಳಿಕೆಯ ತೊಂದರೆಗಳು ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದವು. ಆತಂಕ, ಖಿನ್ನತೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಪೋಷಕರು ಮಕ್ಕಳ ಮೇಲೆ ಹೆಚ್ಚು ನಿಗಾ ಇಡಲು ಸಾಧ್ಯವಾದದ್ದು ಮುಖ್ಯ ಕಾರಣವೆಂದು 2003ರ ವರದಿ ಹೇಳಿತು. ತಮಿಳುನಾಡಿನ ಕಬ್ಬು ಬೆಳೆಗಾರರ ಅಧ್ಯಯನ (2013) ಇದಕ್ಕೆ ಪೂರಕ: ಕೈ ಬರಿದಾಗಿರುವ ಕಟಾವಿನ ಮುಂಚೆ, ಹಣ ಕೈಸೇರಿದ ನಂತರಕ್ಕಿಂತ, ಅದೇ ರೈತರು ಆಲೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು.

ಭಾರತದಲ್ಲಿ: ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಯ ಹಕ್ಕು ನೀಡಿದೆ.