ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆ ಮುಖ್ಯಸ್ಥರು ತಮ್ಮ ಸಂಬಳ ತಾವೇ ಬರೆದುಕೊಳ್ಳುತ್ತಾರೆಯೇ?

"ಬ್ರಿಟನ್ನಿನಲ್ಲಿ ನರ್ಸ್‌ಗಳಿಗೆ ಸಂಬಳ ಸಾಲದು, ಆಸ್ಪತ್ರೆ ಬಾಸ್‌ಗಳಿಗೆ ಮಾತ್ರ ಪ್ರಧಾನಿಗಿಂತ ಹೆಚ್ಚು, ಅದೂ ಅವರೇ ನಿಗದಿ ಮಾಡಿಕೊಂಡಿದ್ದು!" ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಂದಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುತ್ತಿರುವುದರಿಂದ ಈ ಮಾತು ಇಲ್ಲಿಯೂ ಬೇಗ ಹರಡುತ್ತದೆ. ಇದರಲ್ಲಿ ಅರ್ಧ ನಿಜವಿದೆ, ಅರ್ಧ ಇಲ್ಲ.

ಪ್ರಧಾನಿಗಿಂತ ಹೆಚ್ಚು ಸಂಬಳ ಪಡೆಯುವ ಆಸ್ಪತ್ರೆ ಮುಖ್ಯಸ್ಥರು ಇರುವುದು ನಿಜ. 2015ರಲ್ಲಿ ಪ್ರಧಾನಿಯ ಸಂಬಳ ವರ್ಷಕ್ಕೆ 1,42,500 ಪೌಂಡ್ ಇತ್ತು. ಅದನ್ನು ಮೀರಿದ ಸಂಬಳ ಕೊಡುವ ಮುನ್ನ ಸಚಿವರ ಅಭಿಪ್ರಾಯ ಕೇಳಬೇಕೆಂದು ಆಗಿನ ಆರೋಗ್ಯ ಸಚಿವ ಜೆರೆಮಿ ಹಂಟ್ ಸೂಚಿಸಿದರು. ಈ ಗಡಿ ಮುಂದೆ 1,50,000 ಪೌಂಡ್ ಆಯಿತು. ಹಾಗೆ ಸೂಚಿಸಬೇಕಾಗಿ ಬಂತು ಎಂದರೆ ಆಗಲೇ ಎಷ್ಟೋ ಕಡೆ ಅದು ಮೀರಿತ್ತು ಎಂದೇ ಅರ್ಥ.

ಆದರೆ "ತಾವೇ ನಿಗದಿ ಮಾಡಿಕೊಳ್ಳುತ್ತಾರೆ" ಎಂಬುದು ತಪ್ಪು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳನ್ನು ನಡೆಸುವುದು ಟ್ರಸ್ಟ್‌ಗಳು. ನರ್ಸ್, ಆಂಬುಲೆನ್ಸ್ ಸಿಬ್ಬಂದಿ, ಗುಮಾಸ್ತರು ಮೊದಲಾದವರಿಗೆ 2004ರಿಂದ ದೇಶಕ್ಕೆಲ್ಲ ಒಂದೇ ವೇತನ ಶ್ರೇಣಿ ಇದೆ. ಮುಖ್ಯ ಕಾರ್ಯನಿರ್ವಾಹಕರು ಮತ್ತು ನಿರ್ದೇಶಕರು ಆ ಶ್ರೇಣಿಯ ಹೊರಗಿದ್ದಾರೆ. ಅವರ ಸಂಬಳವನ್ನು ಪ್ರತಿ ಟ್ರಸ್ಟ್‌ನ ವೇತನ ಸಮಿತಿ ತೀರ್ಮಾನಿಸುತ್ತದೆ. ಸಮಿತಿಯಲ್ಲಿರುವವರು ದಿನನಿತ್ಯದ ಆಡಳಿತಕ್ಕೆ ಸೇರದ, ಹೊರಗಿನಿಂದ ಬಂದ ನಿರ್ದೇಶಕರು. ತನ್ನ ಸಂಬಳದ ಚರ್ಚೆ ನಡೆಯುವಾಗ ಮುಖ್ಯಸ್ಥರು ಆ ಕೋಣೆಯಲ್ಲಿ ಇರುವಂತಿಲ್ಲ.

ವರ್ಷದ ಏರಿಕೆ ಎಷ್ಟಿರಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡಲು ಬೇರೆಯದೇ ಸಂಸ್ಥೆಯಿದೆ. ನ್ಯಾಯಾಧೀಶರು, ಸೇನೆಯ ಹಿರಿಯ ಅಧಿಕಾರಿಗಳ ಸಂಬಳವನ್ನೂ ಅದೇ ಪರಿಶೀಲಿಸುತ್ತದೆ. 2025–26ರಲ್ಲಿ ಹಿರಿಯ ವ್ಯವಸ್ಥಾಪಕರಿಗೆ ಶೇ. 3.25, ನರ್ಸ್‌ಗಳಿಗೆ ಶೇ. 3.6 ಏರಿಕೆಯಾಯಿತು. ಶೇಕಡಾವಾರು ನೋಡಿದರೆ ನರ್ಸ್‌ಗಳದ್ದೇ ಹೆಚ್ಚು. ಆದರೆ ಆ ವರ್ಷ 31,049 ಪೌಂಡ್‌ನಿಂದ ಶುರು ಮಾಡಿದ ಹೊಸ ನರ್ಸ್‌ಗೂ ಅದರ ಐದು ಪಟ್ಟು ಪಡೆದವರಿಗೂ ಕೈಗೆ ಬರುವ ಹಣದ ಏರಿಕೆ ಎಲ್ಲಿ ಸಮವಾದೀತು? (ಇದನ್ನು ರೂಪಾಯಿಗೆ ತಿರುಗಿಸಿ ನೋಡಬೇಡಿ. ಅಲ್ಲಿನ ಬಾಡಿಗೆ ಕಟ್ಟುವುದೂ ಪೌಂಡ್‌ನಲ್ಲೇ.)

ಇನ್ನು ಫಾರ್ವರ್ಡ್‌ಗಳು ಬಹಳ ಎಡವುವ ಜಾಗ: ಪಿಂಚಣಿ. ಟ್ರಸ್ಟ್‌ನ ವಾರ್ಷಿಕ ವರದಿಯಲ್ಲಿ ಸಂಬಳದ ಪಕ್ಕ "ಪಿಂಚಣಿ ಲಾಭ" ಎಂಬ ಇನ್ನೊಂದು ಅಂಕಣ ಇರುತ್ತದೆ. ಮುಂದೆ ಸಿಗಲಿರುವ ವಾರ್ಷಿಕ ಪಿಂಚಣಿ ಈ ವರ್ಷ ಎಷ್ಟು ಹೆಚ್ಚಿತೋ ಅದನ್ನು 20ರಿಂದ ಗುಣಿಸಿ, ಉದ್ಯೋಗಿ ಕಟ್ಟಿದ ಕಂತನ್ನು ಕಳೆದು ಅಲ್ಲಿ ಬರೆಯುತ್ತಾರೆ. ಅಂದರೆ ಪಿಂಚಣಿಯ ಹಕ್ಕು 5,000 ಪೌಂಡ್ ಏರಿದರೆ, ಕಂತು ಕಳೆಯುವ ಮುನ್ನ 1,00,000 ಪೌಂಡ್ ಎಂದಾಗುತ್ತದೆ. ಆ ವರ್ಷ ಬ್ಯಾಂಕ್ ಖಾತೆಗೆ ಅದರಲ್ಲಿ ಒಂದು ಪೌಂಡೂ ಬಂದಿರುವುದಿಲ್ಲ. ಕೊನೆಯ ಮೊತ್ತವನ್ನಷ್ಟೇ ಎತ್ತಿಕೊಂಡು "ಸಂಬಳ" ಎಂದು ಬರೆದರೆ ಓದಿದವರು ಬೆಚ್ಚಿಬೀಳುವುದು ಸಹಜ.

ಹಾಗಾದರೆ ಎಲ್ಲವೂ ಸರಿಯಿದೆಯೇ? ನಮಗೆ ಹಾಗನ್ನಿಸುವುದಿಲ್ಲ. ಸಮಿತಿಗಳು ಸಂಬಳ ತೀರ್ಮಾನಿಸುವಾಗ ಅಕ್ಕಪಕ್ಕದ ಟ್ರಸ್ಟ್‌ಗಳು ಎಷ್ಟು ಕೊಡುತ್ತವೆ ಎಂದು ನೋಡುತ್ತವೆ. ನಮ್ಮ ಮುಖ್ಯಸ್ಥರು ಸರಾಸರಿಗಿಂತ ಕಡಿಮೆಯವರು ಎಂದು ಯಾವ ಸಮಿತಿ ಒಪ್ಪುತ್ತದೆ? ಎಲ್ಲರೂ ಸರಾಸರಿಗಿಂತ ತುಸು ಹೆಚ್ಚು ಕೊಡಲು ಹೋದರೆ ಆ ಸರಾಸರಿಯೇ ವರ್ಷವರ್ಷವೂ ಮೇಲೇರುತ್ತದೆ. ಫೌಂಡೇಷನ್ ಟ್ರಸ್ಟ್‌ಗಳಿಗಂತೂ ಸಂಬಳ ನಿಗದಿಯ ಸ್ವಾತಂತ್ರ್ಯವನ್ನು ಕಾನೂನೇ ಕೊಟ್ಟಿದೆ. ಹೀಗಾಗಿ ಸಚಿವರ ಅಭಿಪ್ರಾಯ ಅವುಗಳ ಪಾಲಿಗೆ ಆದೇಶವಲ್ಲ.

ಇನ್ನೊಂದು ಕಡೆಯ ವಾದವೂ ಇದೆ. ದೊಡ್ಡ ಟ್ರಸ್ಟ್‌ಗಳಲ್ಲಿ 20,000ಕ್ಕೂ ಹೆಚ್ಚು ಸಿಬ್ಬಂದಿ, ವರ್ಷಕ್ಕೆ 100 ಕೋಟಿ ಪೌಂಡ್ ಮೀರಿದ ವಹಿವಾಟು. ನಷ್ಟದಲ್ಲಿರುವ, ರೋಗಿಗಳು ತಿಂಗಳುಗಟ್ಟಲೆ ಕಾಯುವ ಟ್ರಸ್ಟ್‌ಗೆ ಅನುಭವಿಗಳು ಬರಲು ಹಿಂಜರಿಯುತ್ತಾರೆ. ಅದಕ್ಕೇ 2025ರ ಮೇ ತಿಂಗಳಲ್ಲಿ ಪ್ರಕಟವಾದ ಹೊಸ ನಿಯಮಾವಳಿ, ಅಂಥ ಟ್ರಸ್ಟ್‌ಗಳ ಹೊಣೆ ಹೊರುವವರಿಗೆ ಶೇ. 15ರವರೆಗೆ ಹೆಚ್ಚುವರಿ ಕೊಡಲು ಅವಕಾಶ ಕೊಟ್ಟಿತು. ಸೇವೆ ಸುಧಾರಿಸದ, ಲೆಕ್ಕ ಸರಿದೂಗಿಸದವರ ವಾರ್ಷಿಕ ಏರಿಕೆಯನ್ನು ತಡೆಹಿಡಿಯಬಹುದೆಂದೂ ಹೇಳಿತು.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಅದರಲ್ಲಿ ಟ್ರಸ್ಟ್‌ನ ಹೆಸರಿದೆಯೇ ನೋಡಿ. ಇದ್ದರೆ ಆ ಟ್ರಸ್ಟ್‌ನ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಉಚಿತವಾಗಿ ತೆರೆಯಬಹುದು. ಅದರ "ರೆಮ್ಯುನರೇಷನ್ ರಿಪೋರ್ಟ್" ಭಾಗದಲ್ಲಿ ಪ್ರತಿ ನಿರ್ದೇಶಕರ ಸಂಬಳ 5,000 ಪೌಂಡ್‌ಗಳ ಅಂತರದಲ್ಲಿ ನಮೂದಾಗಿರುತ್ತದೆ. ಅತಿ ಹೆಚ್ಚು ಪಡೆಯುವ ನಿರ್ದೇಶಕರ ಸಂಬಳ ಅಲ್ಲಿನ ಸಿಬ್ಬಂದಿಯ ಮಧ್ಯಮ ಸಂಬಳದ ಎಷ್ಟು ಪಟ್ಟು ಎಂಬ ಲೆಕ್ಕವೂ ಅಲ್ಲೇ ಇರುತ್ತದೆ.